ಬಿಚ್ಚಿದ ಉಣ್ಣೆ

ಮಾರ್ಚ್ 4

ಅತ್ತೆಗೆ ನಮಸ್ಕಾರ.

ಇಲ್ಲಿಗೆ ಬಂದು ನಾಲ್ಕು ದಿನವಾಯಿತು. ಕಾಗದ ತಡವಾಯಿತೆಂದು ಮಾವ ಗೊಣಗಿರುತ್ತಾರೆ, ನೀವು “ಬರೀತಾಳೆ ಬಿಡಿ” ಎಂದಿರುತ್ತೀರಿ.

ಕೋಣೆ ಮೂರನೆಯ ಮಹಡಿಯಲ್ಲಿದೆ. ಒಂದು ಮಂಚ, ಒಂದು ಮೇಜು, ಪೂರ್ತಿ ಮುಚ್ಚಿಕೊಳ್ಳದ ಒಂದು ಕಿಟಕಿ. ಆಸ್ಪತ್ರೆ ರಸ್ತೆಯ ಆಚೆ ಬದಿಗೇ ಇದೆ. ನನ್ನ ಕೆಲಸ ನೆಲಮಾಳಿಗೆಯ ಬಟ್ಟೆ ಕೋಣೆಯಲ್ಲಿ. ವಾರ್ಡುಗಳಿಂದ ಇಳಿದು ಬರುವ ಚಾದರ, ರಗ್ಗು, ದಿಂಬಿನ ಚೀಲಗಳನ್ನು ಬೇರೆ ಬೇರೆ ಮಾಡಬೇಕು. ಒಗೆದು ಬಂದದ್ದನ್ನು ಮಡಚಿ ಕಪಾಟಿಗೆ ಏರಿಸಬೇಕು. ಜೊತೆಗೆ ಇಸ್ತ್ರಿ ಮಾಡುವ ಹೆಂಗಸೊಬ್ಬರಿದ್ದಾರೆ, ಎಲ್ಲರಿಗೂ ಅವರು ಇಸ್ತ್ರಿ ಅಕ್ಕ. ಮೊದಲ ದಿನವೇ ನನ್ನ ಕೈಯಿಂದ ಚಾದರ ಕಿತ್ತುಕೊಂಡು, “ಮಡಚೋದು ಅಂದ್ರೆ ಇದಾ ತಾಯಿ? ಬೆಕ್ಕು ಮಲಗಿ ಎದ್ದು ಹೋದ ಹಾಗಿದೆ” ಎಂದರು. ಆಮೇಲೆ ತಮ್ಮ ಚಹಾದಲ್ಲಿ ಅರ್ಧ ಕೊಟ್ಟರು.

ನಾನು ಊರು ಬಿಟ್ಟದ್ದು ನಿಮಗೆ ಹಿಡಿಸಲಿಲ್ಲವೆಂದು ಗೊತ್ತು. ಆ ಮನೆಯಿಂದ ಎಲ್ಲಿಗೆ ಹೋಗಬೇಕಾದರೂ ಮೂಲೆಯ ಬಸ್ ನಿಲ್ದಾಣ ದಾಟಬೇಕಿತ್ತು. ಇವರು ಕುಳಿತಿದ್ದ ಬೆಂಚಿನ ಮೇಲೆ ದಿನವೂ ಬೇರೆ ಯಾರೋ ಕುಳಿತಿರುತ್ತಿದ್ದರು. ಬಸ್ಸು ಬಂದಾಗ ಎದ್ದು ಹೋಗುತ್ತಿದ್ದರು. ಇವರೊಬ್ಬರು ಮಾತ್ರ ಏಳಲಿಲ್ಲ. ಅದನ್ನು ದಿನಾ ನೋಡಲು ನನ್ನಿಂದ ಆಗಲಿಲ್ಲ ಅತ್ತೆ.

ಇನ್ನೊಂದು ವಿಷಯ ಕೇಳಬೇಕೆಂದೇ ಈ ಕಾಗದ. ಇವರು ಹೆಣೆಯುತ್ತಿದ್ದ ಉಣ್ಣೆಯ ಹೊದಿಕೆ. ಕಡ್ಡಿಯ ಮೇಲೆ ಅರ್ಧಕ್ಕೆ ನಿಂತಿರುವುದನ್ನು ಪ್ರಯಾಣದಲ್ಲಿ ತರಲು ಹೆದರಿ ನಿಮ್ಮ ಕಪಾಟಿನಲ್ಲೇ ಬಿಟ್ಟು ಬಂದೆ. ಅದನ್ನು ನಾನು ಮುಗಿಸುತ್ತೇನೆ. ನಗಬೇಡಿ. ಗುಂಡಿ ಹೊಲಿಯುವುದೂ ನನಗೆ ನೆಟ್ಟಗೆ ಬಾರದೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಕಾಗದದಲ್ಲೇ ಕಲಿಸಿಕೊಡಿ. ಎಷ್ಟು ತಿಂಗಳಾದರೂ ಸರಿ. ಕೆಲಸ ಮುಗಿದ ಮೇಲೆ ಇಲ್ಲಿ ನನಗೆ ಹೋಗಬೇಕಾದ ಜಾಗವಿಲ್ಲ, ಕಾಯುವವರೂ ಇಲ್ಲ.

ಇವರು ನೆಂಟರೆದುರು ಹೇಳಿಕೊಂಡು ನಗುತ್ತಿದ್ದದ್ದು ನೆನಪಾಗುತ್ತದೆ. “ಪ್ರೆಸ್ಸಲ್ಲಿ ಮೆಷಿನ್ನು ಬಲಗೈ ಕಚ್ಚಿತು, ಡಾಕ್ಟ್ರು ದಿನಾ ಬೆರಳು ಆಡಿಸು ಅಂದ್ರು, ಅಮ್ಮ ಕಡ್ಡಿ ಕೊಟ್ಟು ಹೆಣಿ ಅಂದ್ಳು. ಮೂರೂ ಜನ ಸೇರಿ ನನ್ನ ಕೈ ಹಿಂದೆ ಬಿದ್ದಿದ್ದಾರೆ.”

ಮಾವನ ಕೆಮ್ಮು ಹೇಗಿದೆ?

ನಿಮ್ಮ ಸೊಸೆ


ಮಾರ್ಚ್ 19

ಸೊಸೆಗೆ,

ನಿನ್ನ ಕಾಗದವನ್ನು ಮಾವ ಎರಡು ಸಲ ಓದಿದರು. ಕನ್ನಡಕ ಅದರ ಕೆಳಗೆ ಸಿಕ್ಕಿಕೊಂಡಿದೆಯೆಂಬ ನೆಪದಲ್ಲಿ ಮೂರನೆಯ ಸಲವೂ ಓದಿದರು. ಕೆಮ್ಮು ಇದೆ. ಔಷಧಿ ಕುಡಿಯಿರಿ ಎಂದರೆ ಮಾತ್ರ ಇಲ್ಲ.

ಕಲಿಸುತ್ತೇನೆ. ನಾನು ಹೇಗೆ ಕಲಿಸುತ್ತೇನೆಂದು ನೋಡಿದ್ದೀಯ, ಆಮೇಲೆ ದೂರಬೇಡ. ಹೊದಿಕೆ ಸದ್ಯಕ್ಕೆ ಇಲ್ಲೇ ಇರಲಿ. ಮೊದಲು ಬೇರೆ ಉಣ್ಣೆಯಲ್ಲಿ ಅಂಗೈ ಅಗಲದ ಒಂದು ಚೌಕ ಹೆಣೆದು ಕಳಿಸು. ಎಡಗಡ್ಡಿಯ ಕುಣಿಕೆಯೊಳಗೆ ಬಲಗಡ್ಡಿ ತೂರಿಸು, ದಾರ ಸುತ್ತು, ಈಚೆಗೆ ಎಳೆದುಕೋ, ಹಳೆಯ ಕುಣಿಕೆಯನ್ನು ಬಿಡು. ಸಾದಾ ಹೆಣಿಗೆಯೆಂದರೆ ಇಷ್ಟೇ. ಇದರಲ್ಲಿ ಇನ್ನೇನೋ ಗುಟ್ಟಿದೆ ಎನ್ನುವವರನ್ನು ನಂಬಬೇಡ. ಕಷ್ಟ ಇರುವುದು ಇದನ್ನೇ ಮತ್ತೆ ಮತ್ತೆ ಮಾಡುವುದರಲ್ಲಿ.

ಸಾಲಿನ ಮಧ್ಯದಲ್ಲಿ ಕೈಬಿಟ್ಟು ಏಳಬೇಡ. ಸಿಟ್ಟು ಬಂದಾಗ ಕಡ್ಡಿ ಮುಟ್ಟಬೇಡ, ಬಿಗಿಯಾಗುತ್ತದೆ. ತಪ್ಪು ಕಂಡರೆ ಅಲ್ಲಿಯವರೆಗೂ ಬಿಚ್ಚು. ಯಾರಿಗೆ ಕಾಣುತ್ತದೆ ಎನ್ನಬೇಡ. ಸ್ವೆಟರ್ ಕಾರ್ಖಾನೆಯ ತಪಾಸಣೆ ಮೇಜಿನ ಮುಂದೆ ನಾನು ದಿನವೂ ಕೇಳುವುದು ಅದೇ ಮಾತು. ನನಗೆ ಕಾಣುತ್ತದೆ.

ಅವನಿಗೂ ಹೀಗೇ ಕಲಿಸಿದ್ದು. ಬೆಳಗಿನ ಪಾಳಿ ಮುಗಿಸಿ ಬಂದವಳೇ ಚಪ್ಪಲಿ ಬಿಡುವ ಮೊದಲು ಹೊದಿಕೆ ಇಸಿದುಕೊಳ್ಳುತ್ತಿದ್ದೆ. ತಪ್ಪಿದ್ದ ಭಾಗವನ್ನು ತೊಡೆಯ ಕೆಳಗೆ ಅಡಗಿಸಿಕೊಂಡು ಕೂತಿರುತ್ತಿದ್ದ, ಗಡ್ಡ ಬಂದ ಮಗ. “ಎತ್ತು ಕಾಲು” ಅಂದರೆ, “ಅಮ್ಮಾ, ಜೋಮು ಹಿಡಿದಿದೆ, ಎತ್ತಕ್ಕಾಗಲ್ಲ” ಅನ್ನುವುದು. ನಾನು ಬಿಚ್ಚುತ್ತಿದ್ದೆ, ಬಿಚ್ಚಿದ ದಾರವನ್ನು ಅವನ ಕೈಗೆ ಕೊಡುತ್ತಿದ್ದೆ, ಅವನು ಮತ್ತೆ ಹೆಣೆಯುತ್ತಿದ್ದ. ಸಂಜೆಯಾಗುತ್ತಿತ್ತು. ಆದರೂ ನನ್ನ ಕಣ್ಣು ತಪ್ಪಿಸಿ ಎಷ್ಟೋ ಸಾಲು ದಾಟಿಸಿಬಿಟ್ಟ. ಕೊನೆಕೊನೆಗೆ ನನಗೆ ಕಾರ್ಖಾನೆಯಲ್ಲಿ ಹೆಚ್ಚಿನ ಕೆಲಸವಿತ್ತಲ್ಲ, ಆಗ.

ಇದನ್ನು ಬರೆಯುವಾಗ ಮಾವ ಹೆಗಲ ಮೇಲಿಂದ ಇಣುಕಿ, “ಸೊಸೆಗೆ ಬರೆಯೋ ಕಾಗದದಲ್ಲೂ ಮೇಸ್ತ್ರಿಕೆ ಬಿಡಲ್ವಲ್ಲೇ ನೀನು” ಎನ್ನುತ್ತಿದ್ದಾರೆ. ಇರಲಿ. ನೀನು ಚೌಕ ಕಳಿಸು.

ಅತ್ತೆ


ಏಪ್ರಿಲ್ 2

ಅತ್ತೆಗೆ,

ಚೌಕ ಇದರೊಂದಿಗಿದೆ. ಚೌಕವೆನ್ನಲು ನಾಚಿಕೆ. ಇಸ್ತ್ರಿ ಅಕ್ಕ ಅದನ್ನು ಬೆಳಕಿಗೆ ಹಿಡಿದು, “ಯಾವ ಪ್ರಾಣೀದಮ್ಮಾ ಈ ಚರ್ಮ? ಪಾಪ, ಸಾಯೋವಾಗ ತುಂಬಾ ಒದ್ದಾಡಿರಬೇಕು” ಎಂದರು. ನಾನೂ ನಕ್ಕೆ. ಇಲ್ಲಿಗೆ ಬಂದ ಮೇಲೆ ನಕ್ಕದ್ದು ಅದೇ ಮೊದಲು.

ಮೂರು ಸಲ ಪೂರ್ತಿ ಬಿಚ್ಚಿ ಮತ್ತೆ ಹೆಣೆದದ್ದು ಅದು. ಕೈಗೆ ಅಭ್ಯಾಸವಾಗುತ್ತಿದೆ, ಮನಸ್ಸಿಗೆ ಆಗುತ್ತಿಲ್ಲ. ಸಾಲಿನ ಮೊದಲ ಕುಣಿಕೆಗಳಲ್ಲಿ ಇಲ್ಲೇ ಇರುತ್ತೇನೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಆ ಬಸ್ ನಿಲ್ದಾಣದಲ್ಲಿರುತ್ತೇನೆ. ಆ ದಿನ ಕೈ ತೋರಿಸಲು ಆಸ್ಪತ್ರೆಗೆ ನಾನೂ ಜೊತೆಗೆ ಹೊರಟಿದ್ದೆ. “ನೀನ್ಯಾಕೆ, ಬಿಸಿಲು, ನಾನೇನು ಮಗೂನಾ” ಎಂದರು. ನಾನೂ ಸರಿ ಎಂದುಬಿಟ್ಟೆ. ಎಚ್ಚರವಾಗುವ ಹೊತ್ತಿಗೆ ಒಂದು ಕುಣಿಕೆ ಕೆಳಗೆ ಜಾರಿರುತ್ತದೆ, ಇಲ್ಲವೇ ಒಂದರ ಜಾಗದಲ್ಲಿ ಎರಡಾಗಿರುತ್ತದೆ. ಚೌಕದಲ್ಲಿ ಎಲ್ಲೆಲ್ಲಿ ತೂತಿದೆಯೋ ಅಲ್ಲೆಲ್ಲ ನಾನು ಇರಲಿಲ್ಲವೆಂದು ತಿಳಿದುಕೊಳ್ಳಿ.

ನೀವು ಇಷ್ಟು ವರ್ಷ ಒಂದೇ ಕೆಲಸದ ಮೇಲೆ ಕಣ್ಣಿಟ್ಟು ಕುಳಿತಿರಿ. ಮನಸ್ಸನ್ನು ಎಲ್ಲಿ ಕಟ್ಟಿಹಾಕುತ್ತಿದ್ದಿರಿ?

ನಿಮ್ಮ ಸೊಸೆ


ಏಪ್ರಿಲ್ 17

ಸೊಸೆಗೆ,

ಚೌಕ ನೋಡಿದೆ. ಇಸ್ತ್ರಿಯವಳು ಹೇಳಿದ್ದು ಸರಿಯಾಗಿದೆ. ಆದರೆ ಅಂಚು ನೆಟ್ಟಗಿದೆ, ಅದು ಎಲ್ಲರಿಗೂ ಬರುವುದಿಲ್ಲ. ಇನ್ನೊಂದು ಹೆಣೆ.

ಮನಸ್ಸನ್ನು ಕಟ್ಟಿಹಾಕಲು ಆಗುವುದಿಲ್ಲ. ಹೋಗುವುದಾದರೆ ಹೋಗಲಿ. ಸಾಲು ಮುಗಿದಾಗ ಕಡ್ಡಿ ತಿರುಗಿಸುತ್ತೀಯಲ್ಲ, ಆಗ ಒಂದು ಸಲ ವಾಪಸು ಕರಿ. ಬಂದರೆ ಬಂತು, ಬರದಿದ್ದರೆ ಇನ್ನೊಂದು ಸಾಲಿನ ಕೊನೆಗೆ ಮತ್ತೆ ಕರಿ. ಎಷ್ಟಾಯಿತೆಂದು ಅಳೆಯಬೇಡ. ಉದ್ದದ ಕೆಲಸದಲ್ಲಿ ಅಳತೆಪಟ್ಟಿ ಶತ್ರು. ನನ್ನ ಕೈಕೆಳಗಿನ ಹುಡುಗಿಯರು ಗಳಿಗೆಗೊಮ್ಮೆ ಅಳೆಯುತ್ತಾರೆ, ಅಳೆದ ಮೇಲೆ ನಿಟ್ಟುಸಿರು ಬಿಡುತ್ತಾರೆ, ನಿಟ್ಟುಸಿರು ಬಿಟ್ಟ ಮೇಲೆ ತಪ್ಪು ಮಾಡುತ್ತಾರೆ. ಎಡಗಡ್ಡಿಯಲ್ಲಿ ಮುಂದೆ ಬಂದು ನಿಂತಿರುವ ಒಂದು ಕುಣಿಕೆಯನ್ನು ನೋಡು. ಅದರ ಹಿಂದಿನವು ತಮ್ಮ ಸರದಿ ಕಾಯಲಿ.

ನೀನು ಅವನ ಜೊತೆ ಹೋಗಿದ್ದರೂ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿರುತ್ತಿದ್ದೆ, ಅಷ್ಟೆ. ಎದೆ ಒಮ್ಮೆಗೇ ನಿಂತದ್ದೆಂದು ಡಾಕ್ಟರು ನನಗೆ ಹೇಳಿದರು. ನಿನಗೂ ಹೇಳಿದ್ದಾರೆ.

ಬೇಸಿಗೆಯಲ್ಲಿ ಹುಳು ಹತ್ತುತ್ತದೆಂದು ಇವತ್ತು ಹೊದಿಕೆಯನ್ನು ಕಪಾಟಿನಿಂದ ತೆಗೆದು ಬಿಸಿಲಿಗೆ ಹಾಕಿದೆ. ಮೇಲುಗಡೆ ಒಂದು ಕುಣಿಕೆ ಕಡ್ಡಿಯಿಂದ ಜಾರಿ, ಕೆಳಗಿನ ಮೂರು ನಾಲ್ಕು ಸಾಲು ಏಣಿಯ ಹಾಗೆ ಬಿಟ್ಟುಕೊಂಡಿದೆ. ಹಾಗೇ ಬಿಟ್ಟರೆ ಇನ್ನೂ ಇಳಿಯುತ್ತದೆ. ನಾಳೆ ಕೂತು ಸರಿಮಾಡಿ ಇಡುತ್ತೇನೆ, ನಿನ್ನ ಕೈಗೆ ಬರುವಾಗ ಅಚ್ಚುಕಟ್ಟಾಗಿರಲಿ.

ಅತ್ತೆ


ಏಪ್ರಿಲ್ 18

ಅತ್ತೆಗೆ,

ನಿಮ್ಮ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಇದರೊಂದಿಗೆ ಕಳಿಸಿರುವ ಎರಡನೆಯ ಚೌಕ ಚೌಕವಾಗಿಯೇ ಬಂದಿದೆ. ಇಸ್ತ್ರಿ ಅಕ್ಕ ಅದರ ಮೇಲೆ ಇಸ್ತ್ರಿ ಎಳೆದುಕೊಟ್ಟರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇಲ್ಲಿ ಸಿಗುವುದಿಲ್ಲ.

ಹೊದಿಕೆ ಕಳಿಸಿಬಿಡಿ. ಕಡ್ಡಿಯ ತುದಿಗೆ ಕಾರ್ಕು ಚುಚ್ಚಿ, ಗಟ್ಟಿ ಡಬ್ಬಿಯಲ್ಲಿ ಹಾಕಿದರೆ ಪಾರ್ಸೆಲ್ಲಿನಲ್ಲಿ ಏನೂ ಆಗುವುದಿಲ್ಲ. ಇವರು ಹೆಣೆದ ಭಾಗವನ್ನು ಮಂಡಿಯ ಮೇಲೆ ಹಾಕಿಕೊಂಡು ಮುಂದಿನದನ್ನು ಹೆಣೆಯಬೇಕೆಂದು ನನ್ನ ಆಸೆ.

ಇವತ್ತು ರಗ್ಗು ಮಡಚುತ್ತಾ ಅದನ್ನು ಕಣ್ಣೆದುರು ತಂದುಕೊಂಡೆ. ಬುಡದಲ್ಲಿ ಬಿಗಿಯಾಗಿದೆ, ಬೆರಳಿಗೆ ಇನ್ನೂ ಪಟ್ಟಿ ಇದ್ದ ದಿನಗಳು ಅವು. ಹಿಡಿತ ಸಿಗದೆ ದಾರವನ್ನು ಜಗ್ಗಿ ಎಳೆಯುತ್ತಿದ್ದರು. ಅದರ ಮೇಲೆ ಎಡಕ್ಕೆ ವಾಲಿದ ಒಂದು ಪಟ್ಟೆ, ಹೊಲಿಗೆ ತೆಗೆಸಿಕೊಂಡು ಬಂದ ವಾರದ್ದು. ಅಲ್ಲಿಂದ ಗೇಣು ದೂರದಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಪಕ್ಕದ ಮನೆಯವರು ಬಾಗಿಲು ಬಡಿದಾಗ ಎದ್ದು ಹೋಗಿ ಮರೆತದ್ದು ಅದು. ಆಮೇಲಾಮೇಲೆ ಸಡಿಲವಾಗುತ್ತಾ ಬರುತ್ತದೆ. ಕೈಗೆ ನೋವು ಕಡಿಮೆಯಾಗಿತ್ತು. ಅದನ್ನು ಕೆಳಗಿನಿಂದ ಮೇಲಕ್ಕೆ ಸವರಿದರೆ ಇವರ ಕೈ ವಾಸಿಯಾಗುತ್ತಾ ಬಂದದ್ದು ಗೊತ್ತಾಗುತ್ತದೆ.

ಇವರ ಫೋಟೋಗಳನ್ನು ಬೇರೆ ಯಾರೋ ತೆಗೆದರು. ಅಂಗಿಗಳನ್ನು ದರ್ಜಿ ಹೊಲಿದ. ಪ್ರೆಸ್ಸಿನಲ್ಲಿ ಕತ್ತರಿಸಿದ ಕಾಗದವೆಲ್ಲ ಊರವರ ಮನೆಗೆ ಹೋಗಿ ರದ್ದಿಯಾಯಿತು. ಇವರ ಕೈಯಿಂದ ಆದದ್ದೆಂದು ನನಗೆ ಉಳಿದಿರುವುದು ಅದೊಂದೇ ಅತ್ತೆ. ಬೇಗ ಕಳಿಸಿ.

ನಿಮ್ಮ ಸೊಸೆ


ಮೇ 20

ಸೊಸೆಗೆ,

ಕೆಲಸ ಹೆಚ್ಚು, ಬರೆಯಲಾಗಲಿಲ್ಲ. ಪಾರ್ಸೆಲ್ಲಿನವರು ಸಾಮಾನನ್ನು ಎತ್ತಿ ಎಸೆಯುತ್ತಾರೆಂದು ಕೇಳಿದೆ. ಸದ್ಯ ಬೇಡ. ಇನ್ನೂ ಅಭ್ಯಾಸ ಮಾಡು. ಎರಡನೆಯ ಚೌಕದಲ್ಲಿ ಮಧ್ಯೆ ಒಂದು ಸಾಲು ಸಡಿಲವಾಗಿದೆ.

ಮಾವ ಚೆನ್ನಾಗಿದ್ದಾರೆ.

ಅತ್ತೆ


ಜೂನ್ 8

ಅತ್ತೆಗೆ,

ನಿಮ್ಮ ನಾಲ್ಕು ಸಾಲಿನ ಕಾಗದಕ್ಕೆ ಒಂದು ತಿಂಗಳು ಕಾದೆ. ಆಮೇಲೆ ಮತ್ತೆರಡು ಸಲ ಬರೆದೆ, ಅದಕ್ಕೆ ಉತ್ತರವೇ ಇಲ್ಲ. ನಾನು ಕಳಿಸಿದ ಮೂರನೆಯ ಚೌಕದಲ್ಲೂ ಏನಾದರೂ ಕಂಡಿರಬೇಕು.

ನೇರವಾಗಿ ಕೇಳುತ್ತೇನೆ. ಅದನ್ನು ನನಗೆ ಕೊಡಲು ನಿಮಗೆ ಇಷ್ಟವಿಲ್ಲವೇ? ಇಲ್ಲವೆಂದಾದರೆ ಇಲ್ಲ ಎನ್ನಿ. ಪಾರ್ಸೆಲ್ಲಿನವರ ಮೇಲೆ ಹಾಕಬೇಡಿ. ನಾನೇ ಬಂದು ಒಯ್ಯುತ್ತೇನೆಂದು ಬರೆದರೂ ನೀವು ಮಾತಾಡಲಿಲ್ಲ.

ಮಗ ನಿಮ್ಮವರು, ಸರಿ. ನಾನು ಬಂದದ್ದು ಆಮೇಲೆ, ಅದೂ ಸರಿ. ಆದರೆ ಆ ಹೊದಿಕೆ ನಮ್ಮ ಮಂಚಕ್ಕೆಂದು ಶುರುಮಾಡಿದ್ದು. “ಇಬ್ಬರೂ ಕಾಲು ಚಾಚೋಷ್ಟು ಉದ್ದ ಆಗೋವರೆಗೂ ಬಿಡಲ್ಲ” ಎಂದು ನನ್ನ ಮುಂದೆ ಹೇಳಿದ್ದರು.

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಬರೆದುಬಿಡುತ್ತೇನೆ. ಡಾಕ್ಟರು ಹೇಗಾದರೂ ಸರಿ ಬೆರಳಾಡಲಿ ಎಂದಿದ್ದರು. ನೀವು ಬಿಚ್ಚಿಸಿ ಬಿಚ್ಚಿಸಿ ಹೆಣೆಸಿದಿರಿ. ಎಷ್ಟೋ ಸಂಜೆ ಇವರ ಬೆರಳು ನಡುಗುವುದನ್ನು ನೋಡಿದ್ದೇನೆ. “ಅತ್ತೆಗೆ ಹೇಳಲಾ?” ಎಂದರೆ, “ಬೇಡ, ಅವಳಿಗೆ ಇದೊಂದೇ ಗೊತ್ತಿರೋದು” ಎನ್ನುತ್ತಿದ್ದರು.

ಸೊಸೆ


ಜೂನ್ 27

ಮಗಳೇ,

ಇದು ಮಾವ. ನನಗೆ ಕಾಗದ ಬರೆದು ಗೊತ್ತಿಲ್ಲ. ಸರ್ವಿಸ್ಸಿನಲ್ಲಿ ನಾನು ಬರೆದದ್ದೆಲ್ಲ ನೀರಿನ ಮೀಟರಿನ ಅಂಕಿ. ಅದಕ್ಕೇ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಹೊದಿಕೆ ಇಲ್ಲ. ನಿನ್ನ ಅತ್ತೆ ಬಿಚ್ಚಿಬಿಟ್ಟಳು.

ಬಿಸಿಲಿಗೆ ಹಾಕಿದ ಮಾರನೆಯ ದಿನ, ಪಾಳಿಯಿಂದ ಬಂದು ಕುಳಿತಳು. ನಾನು ಕಿಟಕಿಯ ಹತ್ತಿರ ಪೇಪರ್ ಓದುತ್ತಿದ್ದೆ. ಜಾರಿದ್ದ ಕುಣಿಕೆಯನ್ನು ಎತ್ತಿ ಕಡ್ಡಿಗೆ ಹಾಕಿದಳು. ಅಲ್ಲಿಗೆ ಕೆಲಸ ಮುಗಿದಿತ್ತು. ಅದರ ಕೆಳಗೆ ಇನ್ನೊಂದು ತಪ್ಪು ಕಂಡಿತು. “ಥೂ ಇವನ, ಇಲ್ಲಿ ನೋಡಿ ಹೇಗೆ ದಾಟಿಸಿದಾನೆ” ಎಂದು ಕಡ್ಡಿ ಎಳೆದು ಎರಡು ಸಾಲು ಬಿಚ್ಚಿದಳು. ಅದರ ಕೆಳಗೆ ಮತ್ತೊಂದು ಸಿಕ್ಕಿತು. ಬಿಚ್ಚುತ್ತಾ ಹೋದಳು. ನಾನು ನೋಡುತ್ತಿದ್ದೆ. ಯಾಕೆ ತಡೆಯಲಿಲ್ಲ ಎಂದು ನೀನು ಕೇಳುತ್ತೀಯ. ಅವಳು ಬೈಯುತ್ತಿದ್ದಳು, ಮಗಳೇ. ಅವನು ಹೋದ ಮೇಲೆ ಅವಳು ಅವನನ್ನು ಬೈದದ್ದೇ ಇಲ್ಲ. ಮುಖದಲ್ಲಿ ನಗುವಿನಂಥದ್ದು ಏನೋ ಇತ್ತು. ಆ ಮುಖ ನೋಡಿ ನಾನು ಪೇಪರ್ ಮೇಲೆತ್ತಿಕೊಂಡೆ.

ದಾರ ಅವಳ ಪಕ್ಕದಲ್ಲಿ ಗುಡ್ಡೆಯಾಯಿತು. ಆಮೇಲೆ “ತಗೋ, ಇಲ್ಲಿಂದ ಸರಿಯಾಗಿ ಹೆಣಿ” ಎಂದು ದಾರವನ್ನು ಎದುರು ಕುರ್ಚಿಯ ಕಡೆ ಚಾಚಿದಳು.

ಕೈ ಅಲ್ಲೇ ನಿಂತಿತು. ನಾನು ಎದ್ದು ಹೋಗಿ ಅದನ್ನು ಹಿಡಿದು ಕೆಳಗಿಳಿಸುವವರೆಗೂ ಹಾಗೇ ಇತ್ತು.

ನಿನ್ನ ಕಾಗದ ಅದಾದ ಮೇಲೆ ಬಂತು. ಬುಡದಲ್ಲಿ ಬಿಗಿ, ವಾಲಿದ ಪಟ್ಟೆ, ತೂತು ಎಂದೆಲ್ಲ ಬರೆದಿದ್ದೆಯಲ್ಲ, ಅದು. ಓದಿದಳು. ಊಟ ಮಾಡಲಿಲ್ಲ. ಮಾರನೆಯ ದಿನ ನಿನ್ನ ಕಾಗದವನ್ನು ಎದುರಿಗಿಟ್ಟುಕೊಂಡು, ಅದೇ ಉಣ್ಣೆಯಲ್ಲಿ ಹೆಣೆಯಲು ಶುರುಮಾಡಿದಳು. ಅವನು ಹೆಣೆದ ಹಾಗೇ ಹೆಣೆದು ನಿನಗೆ ಕಳಿಸುತ್ತಾಳಂತೆ. “ಅವಳಿಗೆ ಗೊತ್ತಾಗಬಾರದು” ಎಂದಳು. ಬಲಗೈಯ ಎರಡು ಬೆರಳನ್ನು ಬಟ್ಟೆಯಿಂದ ಸುತ್ತಿ ಕಟ್ಟಿಕೊಂಡು ಹೆಣೆಯುತ್ತಾಳೆ, ಅವನ ಪಟ್ಟಿ ಇದ್ದಂತೆ. ಆದರೂ ಸಾಲು ನೆಟ್ಟಗೇ ಬರುತ್ತದೆ. ಬಿಚ್ಚುತ್ತಾಳೆ. ಕಣ್ಣು ಮುಚ್ಚಿಕೊಂಡು ಹೆಣೆಯುತ್ತಾಳೆ. ನೆಟ್ಟಗೇ ಬರುತ್ತದೆ. ಬೇಕೆಂದು ಬಿಟ್ಟ ತೂತು ಗುಂಡಿಗೆಂದು ಬಿಟ್ಟ ತೂತಿನ ಹಾಗೆ ಅಂದವಾಗಿರುತ್ತದೆ. ಮೊನ್ನೆ ಕಡ್ಡಿ ಕೆಳಗಿಟ್ಟು, “ತಪ್ಪು ಮಾಡಕ್ಕೆ ಬರ್ತಿಲ್ಲ ರೀ ನಂಗೆ” ಎಂದಳು. ಬೆರಳು ಊದಿಕೊಂಡಿವೆ. ಉಣ್ಣೆಯೂ ಸವೆಯುತ್ತಿದೆ.

ಅವಳ ಪರ ವಕಾಲತ್ತಿಗೆ ಬರೆದದ್ದಲ್ಲ. ನನಗೂ ಸಿಟ್ಟಿದೆ, ಅವಳ ಮೇಲಲ್ಲ, ಆ ಪೇಪರಿನ ಮೇಲೆ. ನೀನು ಸುಮ್ಮನೆ ಕಾಯುತ್ತಾ ಕೂರಬಾರದೆಂದು ಬರೆದೆ.

ನಿನ್ನ ಮಾವ


ಜುಲೈ 6

ಮಾವ,

ಕಾಗದ ತಲುಪಿತು.

ಬೆರಳಿಗೆ ಕಟ್ಟಿದ ಬಟ್ಟೆ ತೆಗೆಯಲು ಅತ್ತೆಗೆ ಹೇಳಿ. ಹೆಣೆಯುವುದು ಬೇಡವೆಂದು ಹೇಳಿ. ಅವರು ಎಷ್ಟು ಚೆನ್ನಾಗಿ ತಪ್ಪಿ ಹೆಣೆದಿದ್ದರೂ ಕೈಯಿಟ್ಟ ಕೂಡಲೇ ನನಗೆ ತಿಳಿಯುತ್ತಿತ್ತು.

ಇದಕ್ಕಿಂತ ಹೆಚ್ಚು ಈಗ ನನ್ನಿಂದ ಬರೆಯಲಾಗದು.


ಆಗಸ್ಟ್ 24

ಸೊಸೆಗೆ,

ಮಾವ ಬರೆದದ್ದು ನನಗೆ ಗೊತ್ತು. ಅವರು ಹೇಳಲಿಲ್ಲ. ಅಂಚೆಗೆ ಹೋಗಿ ಬಂದ ದಿನ ನನ್ನ ಮುಖ ನೋಡಲಿಲ್ಲ, ಹಾಗಾಗಿ ಗೊತ್ತಾಯಿತು. ನಿನ್ನ ಕಾಗದವನ್ನು ಮಾತ್ರ ತೋರಿಸಿದರು. ಬಟ್ಟೆ ತೆಗೆದಿದ್ದೇನೆ.

ಕ್ಷಮಿಸೆಂದು ಕೇಳಲು ಎಷ್ಟೋ ಸಲ ಕೂತೆ. ನೀನು ಕ್ಷಮಿಸಿದರೂ ಆ ಸಾಲುಗಳು ಬರುವುದಿಲ್ಲ. ಆದ್ದರಿಂದ ಏನಿದೆಯೋ ಅದನ್ನು ಹೇಳುತ್ತೇನೆ.

ಇದರ ಜೊತೆಗೆ ಡಬ್ಬಿ ಕಳಿಸಿದ್ದೇನೆ. ಕಡ್ಡಿಯ ಮೇಲೆ ಒಂದು ಸಾಲು ಇದೆ. ಅವನದೆಂದು ತಿಳಿಯಬೇಡ. ಕೈ ಆಡದಿದ್ದಾಗ ಮೊದಲ ಸಾಲನ್ನು ನಾನೇ ಹಾಕಿಕೊಟ್ಟಿದ್ದೆ. ಬಿಚ್ಚುತ್ತಾ ಹೋಗಿ ಉಳಿದದ್ದು ಅದು, ನನ್ನದು. ಉಳಿದ ಉಣ್ಣೆಯೆಲ್ಲ ಅದಕ್ಕೇ ಸೇರಿಕೊಂಡು ಒಂದೇ ಉಂಡೆಯಾಗಿದೆ. ದಾರ ಸುಕ್ಕುಸುಕ್ಕಾಗಿದೆ. ಆ ಸುಕ್ಕೂ ಅವನದಲ್ಲ. ನಾನು ಹೆಣೆದು ಬಿಚ್ಚಿ, ಹೆಣೆದು ಬಿಚ್ಚಿ, ನನ್ನದಾಗಿಹೋಗಿದೆ. ಬಿಚ್ಚಿದ ಉಣ್ಣೆಯನ್ನು ತೊಳೆದು, ಭಾರ ಕಟ್ಟಿ ನೇತುಹಾಕಿದರೆ ನೇರವಾಗುತ್ತದೆ. ಬೇಕಾದರೆ ಹಾಗೆ ಮಾಡು.

ಅವನದೆಂದು ಒಂದೇ ಒಂದು ಉಳಿದಿದೆ. ದಾರ ತುಂಡಾದರೆ ಗಂಟು ಹಾಕಬಾರದು, ಎರಡು ತುದಿಯನ್ನೂ ಸೇರಿಸಿ ಹಿಡಿದು ಹೆಣೆಯಬೇಕು ಎಂದು ಅವನಿಗೆ ಹೇಳಿ ಹೇಳಿ ಸಾಕಾಗಿತ್ತು. ಕಂಡ ಗಂಟನ್ನೆಲ್ಲ ಕತ್ತರಿಸುತ್ತಿದ್ದೆ. ನಾನು ಕಾರ್ಖಾನೆಯಲ್ಲಿದ್ದಾಗ ಜೋರಾಗಿ ಎಳೆದು ತುಂಡು ಮಾಡಿಕೊಂಡಲ್ಲೆಲ್ಲ ಕಳ್ಳ ಗಂಟು ಹಾಕಿ, ಹಿಂದುಗಡೆಗೆ ತಳ್ಳಿ ಮುಚ್ಚಿಟ್ಟಿದ್ದ. ಬಲಗೈ ಆಗದೆ ಎಡಗೈಯಲ್ಲಿ ಹಿಡಿದು ಹಲ್ಲಿನಿಂದ ಎಳೆದಿರಬೇಕು. ಅಷ್ಟು ಒರಟಾಗಿವೆ. ಮತ್ತೆ ಹೆಣೆಯುವಾಗ ಒಂದೊಂದೇ ನನ್ನ ಬೆರಳಿಗೆ ಸಿಕ್ಕವು. ಮೊದಲನೆಯದು ಸಿಕ್ಕಾಗ ಕತ್ತರಿ ಎತ್ತಿಕೊಂಡಿದ್ದೆ.

ಕತ್ತರಿಸಲಿಲ್ಲ. ಒಂದನ್ನೂ ಕತ್ತರಿಸಿಲ್ಲ.

ಉಂಡೆಯ ಒಳತುದಿ ಎಳೆಯಬೇಡ. ಹೊರಗಿನಿಂದಲೇ ಹೆಣೆಯುತ್ತಾ ಹೋಗು. ಅವನು ಹಾಕಿದ ಕ್ರಮದಲ್ಲೇ ಬರುತ್ತವೆ.

ನಿನಗೆ ಬೇಡವಾದರೆ ಡಬ್ಬಿ ವಾಪಸು ಕಳಿಸು. ಯಾರಿಗೂ ಕೊಡಬೇಡ.

ಅತ್ತೆ


ಅಕ್ಟೋಬರ್ 13

ಅತ್ತೆಗೆ,

ಡಬ್ಬಿ ಬಹಳ ದಿನ ಮಂಚದ ಕೆಳಗೆ ಇತ್ತು. ಗುಡಿಸುವಾಗ ಎಳೆದು, ಗುಡಿಸಿ, ಮತ್ತೆ ಒಳಗೆ ತಳ್ಳುತ್ತಿದ್ದೆ. ಒಂದು ಭಾನುವಾರ ಇಸ್ತ್ರಿ ಅಕ್ಕ ಕೋಣೆಗೆ ಬಂದವರು ನೋಡಿ, “ಏನದು, ತವರಿಂದ ಬಂದದ್ದಾ?” ಎಂದರು. “ಅತ್ತೆ ಮನೆಯಿಂದ” ಎಂದೆ. “ಮತ್ತೆ ಯಾಕೆ ತೆಗೆದಿಲ್ಲ? ಹಾವು ಗೀವು ಕಳಿಸಿದಾರಾ?” ಎಂದು ಅವರೇ ದಾರ ಹರಿದರು. ಒಳಗಿನದನ್ನು ನೋಡಿದರು. ಬಿಚ್ಚಿದ ಉಣ್ಣೆಯೆಂದು ಅವರಿಗೆ ತಿಳಿಯಿತು. ಎದ್ದು ಚಹಾಕ್ಕೆ ನೀರಿಟ್ಟರು.

ನನ್ನ ಸಿಟ್ಟು ಹೋಗಿಲ್ಲ. ಹೋಗಿದೆಯೆಂದು ಬರೆದರೆ ಸುಳ್ಳಾಗುತ್ತದೆ. ಕೆಲವು ದಿನ ನಿಮ್ಮ ಮೇಲೆ, ಕೆಲವು ದಿನ ಆ ಹೊದಿಕೆಯನ್ನು ಬಿಟ್ಟು ಬಂದ ನನ್ನ ಮೇಲೆ. ಸಿಟ್ಟಿದ್ದ ದಿನ ಹೆಣೆಯುವುದಿಲ್ಲ. ಹಾಗಾಗಿ ನಿಧಾನವಾಗಿದೆ.

ಉಣ್ಣೆ ತೊಳೆಯಲಿಲ್ಲ. ಒಗೆಯುವ ಜಾಗದಲ್ಲೇ ಕೆಲಸ ಮಾಡುತ್ತೇನೆ, ಆದರೂ ತೊಳೆಯಲಿಲ್ಲ. ಸುಕ್ಕು ನಿಮ್ಮದಾದರೆ ನಿಮ್ಮದೇ ಇರಲಿ. ನಿಮ್ಮ ಸಾಲಿನ ಮೇಲೆ ನನ್ನ ಮೊದಲ ಸಾಲು ಹೆಣೆದೆ, ಅದರ ಮೇಲೆ ಇನ್ನೊಂದು. ಸವೆದ ಉಣ್ಣೆ, ಒಮ್ಮೊಮ್ಮೆ ಎಳೆ ಬಿಟ್ಟುಕೊಳ್ಳುತ್ತದೆ. ನನ್ನ ಕೈಯೂ ಇನ್ನೂ ಪಳಗಿಲ್ಲ. ಇದು ಇವರ ಹೊದಿಕೆಯ ಹಾಗೆ ಕಾಣುವುದಿಲ್ಲ, ನೀವು ಹೆಣೆದದ್ದರ ಹಾಗೆಯೂ ಕಾಣುವುದಿಲ್ಲ.

ಕಳೆದ ವಾರ ಮೊದಲನೆಯದು ಬಂತು. ಸಾಲಿನ ನಡುವೆ, ಕಡ್ಡಿಯ ಹತ್ತಿರ ಬರುವ ಮುಂಚೆಯೇ ಬೆರಳಿಗೆ ತಡೆಯಿತು. ಕಾಳಿನಷ್ಟು ದಪ್ಪ. ಒಂದು ಸುತ್ತು ಸಾಲದೆಂದು ಎರಡು ಸುತ್ತು ಹಾಕಿದ್ದಾರೆ. ತುದಿಗಳು ಸಮವಿಲ್ಲ, ಒಂದು ಚೂರು ಚಪ್ಪಟೆಯಾಗಿದೆ. ಅದು ಹಲ್ಲಿನದಿರಬಹುದು. ಕಡ್ಡಿಯನ್ನು ಹಾಗೇ ಹಿಡಿದು ಕೂತೆ. ನೀವು ಬೈಯುತ್ತೀರೆಂದು ಇವರು ಅವಸರದಲ್ಲಿ ಬಾಗಿಲ ಕಡೆ ನೋಡುತ್ತಾ ಹಾಕಿದ ಗಂಟು. ಅದನ್ನು ಹೆಣೆದುಬಿಟ್ಟರೆ ಒಂದು ಕಡಿಮೆಯಾಗುತ್ತದೆ ಎನಿಸಿತು. ಆ ದಿನ ಅಲ್ಲಿಗೇ ಬಿಟ್ಟೆ. ಮಾರನೆಯ ದಿನವೂ ಬಿಟ್ಟೆ.

ಇವತ್ತು ಅದನ್ನು ದಾಟಿದೆ. ಗಂಟು ಹಿಂದುಗಡೆಗೆ ಹೋಯಿತು. ಮುಂದೆ ಈಗ ಬರೀ ದಾರ, ಎಷ್ಟು ಮಾರು ಎಳೆದರೂ ಬೆರಳಿಗೆ ಏನೂ ಸಿಗುವುದಿಲ್ಲ. ಇಲ್ಲಿ ತನಕ ಯಾವಾಗ ಮುಗಿಯುತ್ತದೋ ಎಂದು ಹೆಣೆಯುತ್ತಿದ್ದೆ. ಇನ್ನು ಹಾಗಿಲ್ಲ.

ಗಂಟುಗಳು ಒಟ್ಟು ಎಷ್ಟಿವೆಯೆಂದು ನಿಮಗೆ ಗೊತ್ತಿದೆ. ಬರೆಯಿರಿ ಅತ್ತೆ, ಮಾವನ ಕೆಮ್ಮು, ಕಾರ್ಖಾನೆ, ನಿಮ್ಮ ಬೆರಳು, ಎಲ್ಲವನ್ನೂ ಬರೆಯಿರಿ. ಅದೊಂದನ್ನು ಮಾತ್ರ ನನಗೆ ಹೇಳಬೇಡಿ.

ನಿಮ್ಮ ಸೊಸೆ